ತೋಳು ಬಿಚ್ಚಿದ ಜಾಗ

ನಮ್ಮ ಮನೆಯಲ್ಲಿ ಎರಡು ಸರ್ಕಾರಗಳಿದ್ದವು. ಬೆಳಗಿನಿಂದ ಮಧ್ಯಾಹ್ನದ ಊಟದವರೆಗೆ ಅಡುಗೆಮನೆಯಲ್ಲಿ ಕೂತು ಅವ್ವ ಆಳುತ್ತಿದ್ದಳು. ಊಟವಾಗಿ, ಹತ್ತಿ ಮಿಲ್ಲಿನ ಎರಡನೇ ಪಾಳಿಯ ಕೂಗು ಊರ ಮೇಲೆ ಹಾದುಹೋದ ಕೂಡಲೇ ಅಧಿಕಾರ ಪಡಸಾಲೆಗೆ, ಅಂದರೆ ಅಜ್ಜಿಗೆ, ಹಸ್ತಾಂತರವಾಗುತ್ತಿತ್ತು. ಅಪ್ಪ ಎರಡೂ ಸರ್ಕಾರಗಳ ವಿಧೇಯ ಪ್ರಜೆ. ಕಾಳುಕಡಿ ಅಂಗಡಿಯಿಂದ ಊಟಕ್ಕೆ ಬಂದು, ತಲೆ ತಗ್ಗಿಸಿ ಎರಡು ರೊಟ್ಟಿ ಉಂಡು, ಯಾರ ಪರವಾಗಿಯೂ ಮಾತಾಡದೆ ಮತ್ತೆ ಅಂಗಡಿಗೆ ಹೋಗಿಬಿಡುತ್ತಿದ್ದರು. ದಾವಣಗೆರೆಯ ಹಳೇಪೇಟೆಯ ಆ ಓಣಿಯಲ್ಲಿ ಗಂಡಸರ ರಾಜಕೀಯ ಪ್ರಜ್ಞೆ ಸಾಮಾನ್ಯವಾಗಿ ಇಷ್ಟೇ ಇತ್ತು.

ಪಡಸಾಲೆಯೆಂದರೆ ಎರಡು ಮರದ ಕಂಬ, ಬೇಸಿಗೆಯಲ್ಲೂ ತಣ್ಣಗಿರುವ ಬಂಡೆಗಲ್ಲಿನ ನೆಲ, ಮಾಳಿಗೆಯಲ್ಲೊಂದು ಬೆಳಕಿಂಡಿ. ಒಂದು ಕಂಬ ಅಜ್ಜಿಯ ಬೆನ್ನು ತಾಗಿ ತಾಗಿ ಮಿರಿಮಿರಿ ಮಿಂಚುತ್ತಿತ್ತು. ಇನ್ನೊಂದು ಕಂಬ ಆ ಭಾಗ್ಯವಿಲ್ಲದೆ ಒರಟಾಗಿಯೇ ಉಳಿದಿತ್ತು. ಬೆಳಕಿಂಡಿಯಿಂದ ಒಂದು ಚೌಕ ಬಿಸಿಲು ನೆಲಕ್ಕೆ ಬೀಳುತ್ತಿತ್ತು. ಹಳೇ ಬಟ್ಟೆಯ ಚೂರುಗಳನ್ನು ಕೂಡಿಸಿ ಹೊಲಿಯುತ್ತಿದ್ದ ಕೌದಿಯನ್ನು ಅಜ್ಜಿ ಆ ಚೌಕದ ಮೇಲೆ ಹಾಸುತ್ತಿದ್ದಳು. ಹೊತ್ತು ಸರಿದಂತೆ ಬಿಸಿಲು ಸರಿಯುತ್ತಿತ್ತು, ಬಿಸಿಲಿನ ಹಿಂದೆ ಕೌದಿ, ಕೌದಿಯ ಹಿಂದೆ ನಾವೆಲ್ಲ ಕೂತಲ್ಲಿಂದಲೇ ತೆವಳಿಕೊಂಡು ಸರಿಯುತ್ತಿದ್ದೆವು. ನಾಲ್ಕು ಗಂಟೆಗೆ ಬಿಸಿಲು ಗೋಡೆ ಹತ್ತುತ್ತಿತ್ತು. ಕೌದಿಗೆ ಗೋಡೆ ಹತ್ತಲು ಬರುವುದಿಲ್ಲವಾದ್ದರಿಂದ ಅಲ್ಲಿಗೆ ಅಂದಿನ ಕಲಾಪ ಮುಗಿಯುತ್ತಿತ್ತು. ನಾನು ಮುಂದೆ ಮೂವತ್ತು ಚಿಲ್ಲರೆ ವರ್ಷ ಕೋರ್ಟಿನ ಕಚೇರಿಯಲ್ಲಿ ಕಡತ ಹೊತ್ತೆ. ಅಷ್ಟು ಶಿಸ್ತಿನ ಕಲಾಪವನ್ನು ಅಲ್ಲಿ ಒಂದು ದಿನವೂ ಕಾಣಲಿಲ್ಲ.

ಆ ಪಡಸಾಲೆಗೊಂದು ಸಂವಿಧಾನವಿತ್ತು. ಬರೆದಿಟ್ಟದ್ದಲ್ಲ, ಅಜ್ಜಿಯ ಬಾಯಲ್ಲಿ ಅಡಿಕೆಯ ಜೊತೆ ಇದ್ದದ್ದು. ಸೂಜಿಯನ್ನು ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತದೆ. ಬಟ್ಟೆಯ ಮೇಲಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ದಾರ ಒಂದು ಮೊಳಕ್ಕಿಂತ ಉದ್ದ ಇರಕೂಡದು, ಸೋಮಾರಿಗಳು ಮಾತ್ರ ಉದ್ದ ದಾರ ಪೋಣಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾದ ಕಾಯ್ದೆ ಒಂದಿತ್ತು. ಅಜ್ಜಿ ಅದನ್ನು ಹೇಳುವಾಗ ಹೊಲಿಯುವ ಕೈ ನಿಲ್ಲಿಸುತ್ತಿದ್ದಳು:

"ಹೊಲಿದ ಕೌದಿ ಬಿಚ್ಚಬಾರದು. ಬಿಚ್ಚಿದ್ರೆ ಕೂಡಿ ಹೊಲಿದೋರು ಅಗಲ್ತಾರೆ. ತಪ್ಪಾತಾ, ಮ್ಯಾಲೊಂದು ಚೂರು ಇಟ್ಟು ಮುಚ್ಚು. ಕೌದಿ ಇರಾದೇ ಅದಕ್ಕೆ."

ನನ್ನ ತಪ್ಪುಗಳ ಮೇಲೆ ಚೂರು ಇಟ್ಟೂ ಇಟ್ಟೂ ನಾನು ಕೂತ ಮಗ್ಗುಲಲ್ಲಿ ಕೌದಿ ಉಳಿದ ಕಡೆಗಿಂತ ಒಂದು ಬೆರಳು ದಪ್ಪವಿರುತ್ತಿತ್ತು.

ನಾನು ಕೂತ ಮಗ್ಗುಲು ಎಂದೆನಲ್ಲ, ಉಳಿದ ಎರಡು ಮಗ್ಗುಲಿನವರನ್ನು ಪರಿಚಯಿಸಬೇಕು. ಒಬ್ಬಳು ಕೊಟ್ರಮ್ಮ, ಎಲ್ಲರ ಬಾಯಲ್ಲಿ ಕೊಟ್ರಿ. ಆಗಿನ್ನೂ ಹೊಲಗಳ ನಡುವೆ ಇದ್ದ ಶಾಮನೂರಿನಿಂದ ಅವಳವ್ವ ಬೆಣ್ಣೆ ಮಾರಲು ಪೇಟೆಗೆ ಬರುತ್ತಿದ್ದಳು. ಮೊದಲ ಗಿರಾಕಿ ನಮ್ಮ ಮನೆ. ಇಲ್ಲಿ ಬೆಣ್ಣೆಯ ಜೊತೆ ಮಗಳನ್ನೂ ಇಳಿಸಿ, ಪೇಟೆ ಸುತ್ತಿ ಮುಗಿಸಿ ಸಂಜೆ ಮಗಳನ್ನು ಮಾತ್ರ ವಾಪಸು ಒಯ್ಯುತ್ತಿದ್ದಳು. ಇನ್ನೊಬ್ಬಳು ನೂರ್‌ಜಹಾನ್, ಅಂದರೆ ನೂರಿ. ಓಣಿಯ ಮೂಲೆಯಲ್ಲಿ ಒಂದೇ ಮಿಷನ್ನಿನ ಅಂಗಡಿ ಇಟ್ಟಿದ್ದ ಟೇಲರ್ ದಾದಾಪೀರ್ ಸಾಬರ ಮಗಳು. ಅಂಗಡಿಯಲ್ಲಿ ಕತ್ತರಿಸಿ ಉಳಿದ ಚಿಂದಿಯನ್ನೆಲ್ಲ ಗಂಟು ಕಟ್ಟಿ ವಾರಕ್ಕೊಮ್ಮೆ ಸಾಬರು ಅಜ್ಜಿಗೆ ಕಳಿಸುತ್ತಿದ್ದರು. ಗಂಟು ಹೊತ್ತು ತರುವುದು ನೂರಿಯ ಕೆಲಸ. ತಂದ ಗಂಟನ್ನು ಇಳಿಸಿದ ಮೇಲೂ ಅವಳು ಹೋಗುತ್ತಿರಲಿಲ್ಲ. ಒರಟು ಕಂಬಕ್ಕೆ ಒರಗಿ ನಿಂತು ಅಜ್ಜಿಯ ಸೂಜಿಯನ್ನೇ ನೋಡುತ್ತಿದ್ದಳು. ಒಂದು ಬೇಸಿಗೆ ರಜೆಯಲ್ಲಿ, ಬೆಣ್ಣೆಯ ಜೊತೆ ಇಳಿಸಿಹೋದ ಒಬ್ಬಳು, ಹೋಗದೆ ನಿಂತ ಇನ್ನೊಬ್ಬಳು, ಮನೆಯಲ್ಲೇ ಹುಟ್ಟಿದ್ದರಿಂದ ಬೇರೆ ಗತಿಯಿಲ್ಲದ ನಾನು, ಮೂವರೂ ಪಡಸಾಲೆಯಲ್ಲಿ ಗದ್ದಲ ಮಾಡುವುದನ್ನು ಅಜ್ಜಿ ಮೂರು ದಿನ ಸಹಿಸಿದಳು. ನಾಲ್ಕನೇ ದಿನ ತನ್ನದೊಂದು ಹಳೇ ಸೀರೆಯನ್ನು ನೆಲಕ್ಕೆ ಹಾಸಿ ಒಂದೇ ಉಸಿರಿನಲ್ಲಿ ಹಾಜರಿ ಕರೆದಳು:

"ಪಾರಿ, ಕೊಟ್ರಿ, ನೂರಿ. ಬರ್ರಿ ಇಲ್ಲಿ. ಕುಂದ್ರಿ. ಇದು ನಿಮ್ ಕೌದಿ. ಇನ್ನ ಮ್ಯಾಲೆ ಬಾಯಿ ಆಡ್ಲಿ, ಆದ್ರೆ ಕೈ ನಿಲ್ಬಾರ್ದು."

ಕೌದಿಗೆ ನಾಲ್ಕು ಮಗ್ಗುಲು. ಮೂರರಲ್ಲಿ ನಾವು ಮೂವರು, ನಾಲ್ಕನೆಯದು ಅಜ್ಜಿಯ ತಪಾಸಣೆಗೆ ಮೀಸಲು. ನೂರಿಯ ಹೊಲಿಗೆ ಅಚ್ಚು ಹಾಕಿದಂತೆ. ಟೇಲರನ ಮಗಳು, ಅದರಲ್ಲಿ ಅವಳ ಹೆಚ್ಚುಗಾರಿಕೆ ಏನೂ ಇಲ್ಲವೆಂದು ನಾನು ಆಗ ಅಂದುಕೊಳ್ಳುತ್ತಿದ್ದೆ. ಕೊಟ್ರಿ ಎಮ್ಮೆ ಹಗ್ಗ ಎಳೆದು ಅಭ್ಯಾಸವಿದ್ದವಳು, ದಾರವನ್ನೂ ಹಾಗೇ ಎಳೆಯುತ್ತಿದ್ದಳು. ಅವಳು ಹೊಲಿದ ಕಡೆ ಬಟ್ಟೆ ಉತ್ತ ಹೊಲದಂತೆ ಗೆರೆಗೆರೆಯಾಗಿ ಏಳುತ್ತಿತ್ತು. ನನ್ನ ಹೊಲಿಗೆಯನ್ನು ಅಜ್ಜಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಎತ್ತು ಉಚ್ಚೆ ಹೊಯ್ಕಂತ ಹೋದಂಗೈತೆ," ಎಂದಳು. "ಇರ್ಲಿ. ಎತ್ತೂ ಮನಿಗೇ ಹೋಗ್ತೈತೆ."

ಶಾಲೆ ಶುರುವಾದ ಮೇಲೂ ಶನಿವಾರ, ಭಾನುವಾರ ಮಧ್ಯಾಹ್ನ ಈ ಸಭೆ ತಪ್ಪಲಿಲ್ಲ. ಬಿಸಿಲು ಗೋಡೆ ಹತ್ತಿದ ಮೇಲೆ ಅವ್ವ ಮಂಡಕ್ಕಿಗೆ ಒಗ್ಗರಣೆ ಹಾಕಿ ಹಸಿ ಈರುಳ್ಳಿ ಹೆಚ್ಚಿಕೊಂಡು ತರುತ್ತಿದ್ದಳು. ಮೊದಲ ವಾರ ಮೂರು ತಟ್ಟೆ ಬಂದವು, ಅದರಲ್ಲಿ ನೂರಿಯದು ಮಾತ್ರ ಬೇರೆ ಜಾತಿಯ ತಟ್ಟೆ, ಹಿತ್ತಲ ಕಟ್ಟೆಯ ಮೇಲಿರುತ್ತಿದ್ದ ಸೊಟ್ಟ ಅಲ್ಯೂಮಿನಿಯಂ. ನೂರಿ ಅದರಲ್ಲೇ ತಿಂದಳು. ಅಜ್ಜಿ ಬೆಳಿಗ್ಗೆ ಲಿಂಗಪೂಜೆಯಾಗದೆ ನೀರು ಮುಟ್ಟದವಳು, ಮನೆಯಲ್ಲಿ ಮಡಿಯ ವಿಷಯಕ್ಕೆ ಅವಳದೇ ಕೊನೆಯ ಮಾತು. ಆ ದಿನ ಅವಳು ಮಡಿಯ ಮಾತೇ ಎತ್ತಲಿಲ್ಲ.

"ಮೂರು ತಟ್ಟೆ ಅಂದ್ರ ತೊಳೆಯಾಕ ಮೂರು ಆದ್ವು. ನೀರೇನ್ ಪುಕ್ಕಟೆ ಬರ್ತೈತಾ? ಒಂದು ಮೊರಕ್ಕೆ ಸುರುವು, ತಿಂತಾವೆ."

ಮಾರನೆಯ ವಾರದಿಂದ ಒಂದೇ ಮೊರ. ಸಮಾಜ ಸುಧಾರಣೆಗೆ ದೊಡ್ಡವರು ದೊಡ್ಡ ಕಾರಣಗಳನ್ನು ಕೊಟ್ಟಿದ್ದಾರೆ. ನಮ್ಮ ಮನೆಯಲ್ಲಿ ಅದು ಪಾತ್ರೆ ತೊಳೆಯುವ ತಾಪತ್ರಯದ ಮೂಲಕ ಬಂತು, ಬಂದದ್ದು ಹೋಗಲಿಲ್ಲ.

ನಮ್ಮ ಕೌದಿಯ ದೊಡ್ಡ ಕೊರತೆಯೆಂದರೆ ಬಣ್ಣ. ದಾದಾಪೀರ್ ಸಾಬರ ಗಿರಾಕಿಗಳೆಲ್ಲ ಶಾಲೆಯ ಮಕ್ಕಳು ಮತ್ತು ಮಿಲ್ಲಿನ ಕೆಲಸಗಾರರು. ಗಂಟು ಬಿಚ್ಚಿದರೆ ಬಿಳಿ, ಖಾಕಿ, ಯೂನಿಫಾರಂ ನೀಲಿ. ಮತ್ತೆ ಬಿಳಿ, ಖಾಕಿ, ನೀಲಿ. ಆರು ತಿಂಗಳಿಗೆ ನಮ್ಮ ಕೌದಿ ಸ್ವಾತಂತ್ರ್ಯ ದಿನದ ಕವಾಯತಿನಂತೆ ಕಾಣತೊಡಗಿತು. ಸುತ್ತಲಿನಿಂದ ಹೊಲಿಯುತ್ತ ಬಂದು ನಡುವೆ ಒಂದಿಷ್ಟು ಜಾಗ ಮಾತ್ರ ಉಳಿದಿತ್ತು. ಆ ಜಾಗಕ್ಕೆ ಖಾಕಿ ಇಡುವುದಿಲ್ಲವೆಂದು ಮೂವರೂ ಸೇರಿ ಆಣೆ ಮಾಡಿದ್ದೆವು.

ಒಂದು ಶನಿವಾರ ಗಂಟಿನ ತಳದಲ್ಲಿ ರೇಷ್ಮೆ ಸಿಕ್ಕಿತು. ಈರುಳ್ಳಿ ಸಿಪ್ಪೆಯ ಬಣ್ಣ. ಬೆಳಕಿಂಡಿಯ ಕೆಳಗೆ ಹಿಡಿದು ಅಲ್ಲಾಡಿಸಿದರೆ ಒಮ್ಮೆ ಗುಲಾಬಿ, ಒಮ್ಮೆ ತಾಮ್ರ. ಆಕಾರ ಮಾತ್ರ ಚಿಂದಿಯಂತಿರಲಿಲ್ಲ. ಕೆಳಗೆ ನೇರ, ಮೇಲೆ ನುಣ್ಣಗೆ ಉಬ್ಬಿದ ಗುಡ್ಡ. ಅಜ್ಜಿ ಆ ಹೊತ್ತಿಗೆ ಪಕ್ಕದ ಮನೆಗೆ ಬಾಣಂತಿಯನ್ನು ನೋಡಲು ಹೋಗಿದ್ದಳು. ನೂರಿ ಆ ಬಟ್ಟೆಯ ಅಂಚಿನ ಮೇಲೆ ಬೆರಳಾಡಿಸಿದಳು.

"ಇದು ಕುಬಸದ ತೋಳು ಕಣೇ, ಪಾರಿ," ಎಂದಳು.

ನಾನು ಜೀವನದಲ್ಲಿ ಮಾಡಿದ ಮೊದಲ ವಾದ ಅದು. ಗೆದ್ದದ್ದೂ ಅದೊಂದೇ.

"ತೋಳಾಗಿದ್ರೆ ಎರಡಿರ್ಬೇಕಲ್ಲ," ಎಂದೆ. "ಇನ್ನೊಂದು ಎಲ್ಲೈತೆ? ಮನುಷ್ಯರಿಗೆ ಒಂದೇ ತೋಳು ಇರ್ತೈತೇನು? ಇಲ್ಲ. ಅಂದ್ರೆ ಇದು ತೋಳಲ್ಲ."

ನೂರಿ ಗಂಟಿನಲ್ಲಿ ಇನ್ನೊಂದಕ್ಕೆ ಹುಡುಕಿದಳು. ಸಿಗಲಿಲ್ಲ. ಕೊಟ್ರಿ ಆ ರೇಷ್ಮೆಯನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ್ದಳು, ಅವಳ ಮತ ಯಾವ ಕಡೆಗೆ ಎಂದು ಕೇಳುವ ಅಗತ್ಯವಿರಲಿಲ್ಲ. ಅಜ್ಜಿ ಬರುವಷ್ಟರಲ್ಲಿ ಗುಡ್ಡವನ್ನು ನಡುವಿನ ಜಾಗದಲ್ಲಿಟ್ಟು, ಅಂಚು ಮಡಚಿ, ಮೂರು ಕಡೆಯಿಂದ ಮೂವರು ಹೊಲಿದು ಮುಗಿಸಿದ್ದೆವು. ಅಜ್ಜಿಯ ಕಣ್ಣಿಗೆ ಬೀಳದಿರಲೆಂದು ಮೇಲೆ ನನ್ನ ಲಂಗ ಹರಡಿಕೊಂಡು ಕೂತವಳೂ ನಾನೇ. ಅದನ್ನು ವಾದದ ಭಾಗವೆಂದು ಹೇಳಲಾಗದು.

ಮರುದಿನ ಭಾನುವಾರ, ಇನ್ನೂ ಕಲಾಪ ಶುರುವಾಗುತ್ತಿತ್ತಷ್ಟೆ, ದಾದಾಪೀರ್ ಸಾಬರು ಬಾಗಿಲಲ್ಲಿ ನಿಂತಿದ್ದರು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಅಂಗಡಿಯಿಂದ ಹೊರಗೆ ಅವರನ್ನು ಟೇಪಿನ ಸಮೇತ ಯಾರೂ ಕಂಡಿರಲಿಲ್ಲ.

"ಅಮ್ಮಾರೆ, ತೊಂದ್ರೆ ಕೊಡ್ತಿದೀನಿ. ಹರಿಹರದೋರು ಮದುವಿ ಕುಬಸ ಕೊಟ್ಟಿದ್ರು. ಸಂಜಿಗೆ ಹುಡುಗಿ ಅವ್ವ ಬರ್ತಾಳೆ ತಗಳ್ಳಾಕೆ. ಒಂದು ತೋಳು ಕೂಡ್ಸಿದೀನಿ, ಇನ್ನೊಂದು ಇಲ್ಲ. ಇಡೀ ಅಂಗಡಿ ತಲೆಕೆಳಗ ಮಾಡಿದೆ. ಚಿಂದಿಯಾಗೇನಾದ್ರೂ ಬಂತಾ ಅಂತ..."

ಅವರ ಕಣ್ಣು ಕೌದಿಯ ಮೇಲೆ ಬಿತ್ತು. ಬಿಸಿಲಿನ ಚೌಕದ ನಟ್ಟನಡುವೆ, ಬಿಳಿ ಖಾಕಿ ನೀಲಿಗಳ ಮಧ್ಯೆ, ಕಳೆದುಹೋದ ತೋಳು ಥಳಥಳ ಹೊಳೆಯುತ್ತಿತ್ತು. ಇಷ್ಟು ಸ್ಪಷ್ಟವಾದ ಸಾಕ್ಷ್ಯವನ್ನು ನಾನು ಮುಂದೆ ಯಾವ ಕಡತದಲ್ಲೂ ಕಾಣಲಿಲ್ಲ. ಸಾಬರು ಮಗಳ ಕಡೆ ನೋಡಿದರು. ಬೈಯಲಿಲ್ಲ. ನೂರಿ ತಲೆ ತಗ್ಗಿಸಿದಳು, 'ಪಾರಿ ಹೇಳಿದ್ಲು' ಎಂಬ ಎರಡು ಶಬ್ದ ಅವಳ ಬಾಯಿಂದ ಬರಲಿಲ್ಲ. ನನ್ನ ಬಾಯಿಂದ 'ನಾನು ಹೇಳಿದೆ' ಎಂಬ ಎರಡು ಶಬ್ದವೂ ಬರಲಿಲ್ಲ. ಅಳಲು ಶುರುಮಾಡಿದ್ದು ಕೊಟ್ರಿ. ಅವಳಿಗೆ ಸಾಬರ ಗಿರಾಕಿಯ ಚಿಂತೆಯಿರಲಿಲ್ಲ, ಹರಿಹರದ ಮದುಮಗಳ ಚಿಂತೆಯೂ ಇರಲಿಲ್ಲ.

"ಬಿಚ್ಚಬ್ಯಾಡ್ರಿ ಅಜ್ಜಿ," ಎಂದು ಬಿಕ್ಕಿದಳು. "ಬಿಚ್ಚಿದ್ರೆ ನಾವು ಅಗಲ್ತೀವಿ."

ನಾನು ಆ ಕ್ಷಣಕ್ಕೆ ಆ ಕಾಯ್ದೆಯನ್ನು ಮರೆತಿದ್ದೆ. ನೆನಪಾದ ಕೂಡಲೇ ಲೆಕ್ಕ ಹಾಕಿದೆ. ಬಿಚ್ಚದಿದ್ದರೆ ನೂರಿಯ ಅಪ್ಪನ ಹೆಸರು ಕೆಡುತ್ತದೆ; ಬಿಚ್ಚಿದರೆ ನೂರಿ ಹೋಗುತ್ತಾಳೆ, ಕೊಟ್ರಿ ಹೋಗುತ್ತಾಳೆ, ಅಷ್ಟು ದೊಡ್ಡ ಕೌದಿಯ ಒಂದು ಮಗ್ಗುಲಲ್ಲಿ ನಾನೊಬ್ಬಳೇ ಕೂತಿರುತ್ತೇನೆ. ಹತ್ತು ವರ್ಷದ ಹುಡುಗಿಗೆ ಕಾನೂನೆಂದರೆ ಕಾನೂನೇ. ಅಜ್ಜಿ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು. ಸಂವಿಧಾನಕ್ಕೆ ತಿದ್ದುಪಡಿ ತರಲು ಅವಳಿಗೆ ಬೇಕಾದ ಕಾಲಾವಕಾಶ ಅಷ್ಟೇ.

"ಬಿಚ್ರಿ," ಎಂದಳು. "ಹೊಲಿದೋರೇ ಬಿಚ್ಬೇಕು, ಬ್ಯಾರೆ ಕೈ ತಾಗ್ಬಾರ್ದು. ಬಿಚ್ಚಿದೋರೇ ಕೂಡಿ ಕುಂತು ಆ ಜಾಗ ಮುಚ್ಚಬೇಕು. ಮುಚ್ಚಾ ತನಕ ಕೆಲಸ ನಡೀತಾ ಐತೆ ಅಂತ ಲೆಕ್ಕ. ನಡಿಯೋ ಕೆಲಸದಾಗೆ ಯಾರೂ ಅಗಲಲ್ಲ. ಅಳಬ್ಯಾಡ, ಕೊಟ್ರಿ. ಮೂಗು ಒರ್ಸ್ಕ, ರೇಷ್ಮಿ ಮ್ಯಾಲೆ ಬೀಳ್ತೈತೆ."

ನಮ್ಮ ಪುಣ್ಯಕ್ಕೆ ಅಂಚು ಮಾತ್ರ ಹೊಲಿದಿದ್ದೆವು, ನಡುವಿನ ಸಾಲುಗಳನ್ನು ಇನ್ನೂ ಎಳೆದಿರಲಿಲ್ಲ. ನನ್ನ ಹೊಲಿಗೆ ಒಂದೇ ಎಳೆತಕ್ಕೆ ಪೂರ್ತಿ ಕೈಗೆ ಬಂತು. ಬಿಚ್ಚಲು ಪಾರಿಯ ಹೊಲಿಗೆಯಷ್ಟು ಅನುಕೂಲದ್ದು ಇಲ್ಲವೆಂದು ಅಜ್ಜಿ ಹೇಳಿದಳು. ಹೊಲಿಗೆಯ ವಿಷಯದಲ್ಲಿ ಅವಳಿಂದ ನಾನು ಪಡೆದ ಪ್ರಶಂಸೆ ಅದೊಂದೇ. ನೂರಿಯದು ಹೊತ್ತು ಹಿಡಿಯಿತು. ಕೊಟ್ರಿಯದನ್ನು ಬಿಡಿಸುವಷ್ಟರಲ್ಲಿ ಬಿಸಿಲು ಗೋಡೆ ಮುಟ್ಟಿತ್ತು. ಸಾಬರು ಆ ತೋಳನ್ನು ಎರಡೂ ಅಂಗೈ ಮೇಲೆ ಇಟ್ಟುಕೊಂಡು ಹೋದರು. ಸೂಜಿಯ ತೂತುಗಳ ಮೇಲೆ ನೀರು ಚಿಮುಕಿಸಿ, ಉಗುರಿನಿಂದ ತಿಕ್ಕಿ, ಕೆಂಡದ ಇಸ್ತ್ರಿ ಎಳೆದು, ಉಳಿದದ್ದನ್ನು ಅಂಚಿನ ಒಳಗೆ ಸೇರಿಸಿ ಹೊಲಿದರಂತೆ. ಹರಿಹರದ ಹುಡುಗಿ ಎರಡೂ ತೋಳಿನ ಕುಬಸ ತೊಟ್ಟೇ ಧಾರೆಗೆ ನಿಂತಳು.

ನಮ್ಮ ಕೌದಿಯ ನಡುವೆ ಒಂದು ಗುಡ್ಡದ ಆಕಾರದ ಖಾಲಿ ಉಳಿಯಿತು. ಅದರೊಳಗಿಂದ ಅಜ್ಜಿಯ ಹಳೇ ಸೀರೆ ಇಣುಕುತ್ತಿತ್ತು. ಮುಂದಿನ ಶನಿವಾರ ಚಿಂದಿಯ ಗಂಟನ್ನು ಸಾಬರೇ ತಂದು ಕಟ್ಟೆಯ ಮೇಲಿಟ್ಟು ಹೋದರು. ಅದರ ಮುಂದಿನ ಶನಿವಾರವೂ ಅಷ್ಟೇ. ನೂರಿ ಇನ್ನು ಬರುವುದಿಲ್ಲ, ಅಂಗಡಿಯಲ್ಲಿ ಗುಂಡಿ ಹಚ್ಚುವುದು ಕಲಿಯುತ್ತಾಳೆ ಎಂದು ಅವ್ವನಿಗೆ ಹೇಳಿದ್ದರಂತೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲವೆಂದು ಅವ್ವ ಅಂದಳು. 'ದೊಡ್ಡೋರ ಮನಿ ಕೌದಿ ನಮ್ ಹುಡುಗಿಯಿಂದ ಕೆಡ್ತು' ಎಂಬ ನಾಚಿಕೆ ಇತ್ತಂತೆ. ನಾನೂ ಕೊಟ್ರಿಯೂ ಎದುರುಬದುರು ಕೂತು ಹೊಲಿದೆವು. ಮೊರದಲ್ಲಿ ಮಂಡಕ್ಕಿ ಉಳಿಯಿತು. ಮೂರನೆಯ ಶನಿವಾರ ನಾನು ಸೂಜಿ ಕೆಳಗಿಟ್ಟು ಅಜ್ಜಿಯ ಕಂಬದ ಹತ್ತಿರ ಹೋಗಿ ನಿಂತೆ.

"ಅಜ್ಜಿ, ಅದು ತೋಳು ಅಂತ ನೂರಿ ಹೇಳಿದ್ಲು. ಅಲ್ಲ ಅಂದಾಕಿ ನಾನು."

"ಗೊತ್ತು," ಎಂದಳು ಅಜ್ಜಿ. "ಒಂದೇ ತೋಳಿಗೆ ತೋಳಲ್ಲ ಅಂತ ವಾದ ಮಾಡಾಕ ಈ ಓಣ್ಯಾಗೆ ಇನ್ಯಾರಿಗೆ ಬರ್ತೈತೆ? ಬಾಯಿ ಬಿಡ್ತೀಯೋ ಇಲ್ಲೋ ಅಂತ ಕಾಯ್ತಿದ್ದೆ. ಕೌದಿ ಮಡಚು. ನಡಿ."

ಅಜ್ಜಿ ಹೊಸ್ತಿಲು ದಾಟುತ್ತಿದ್ದುದು ಮಠಕ್ಕೆ, ಮದುವೆಗೆ, ಸಾವಿಗೆ. ಟೇಲರ್ ಅಂಗಡಿಗೆ ಅವಳು ಬಂದದ್ದನ್ನು ಕಂಡು ದಾದಾಪೀರ್ ಸಾಬರು ಮಿಷನ್ನಿನ ಮುಂದಿನಿಂದ ಎದ್ದು, ಇದ್ದ ಒಂದೇ ಸ್ಟೂಲನ್ನು ಹೆಗಲ ಬಟ್ಟೆಯಿಂದ ಒರೆಸಿದರು. ಅಜ್ಜಿ ಕೂರಲಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಮ್ಮ ಕೌದಿಯನ್ನು ಹಾಸಿಸಿದಳು. ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ನೂರಿ ತಲೆ ಎತ್ತಲಿಲ್ಲ. ನಾನು ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಸಾಬರು ಗಂಭೀರವಾಗಿ ಪೂರ್ತಿ ಕೇಳಿದರು.

"ಒಂದೇ ಇದ್ರೆ ತೋಳಲ್ಲ ಅಂದ್ಯಾ?" ಎಂದರು. ಅವರ ಮೀಸೆ ಸ್ವಲ್ಪ ಅಲುಗಿತು. "ವಕೀಲಿ ಓದವ್ವ ನೀನು. ಗಿರಾಕಿ ಸಿಗ್ತಾರೆ."

"ಅದಿರ್ಲಿ ಸಾಬ್ರೆ," ಎಂದಳು ಅಜ್ಜಿ. "ನೀವು ಒಂದು ತೋಳಿನ ಕುಬಸ ಗಿರಾಕಿಗೆ ಕೊಟ್ಟು ಕಳಿಸ್ತೀರೇನು?"

"ತೋಬಾ, ಎಲ್ಲಾದ್ರೂ ಉಂಟಾ ಅಮ್ಮಾರೆ."

"ಮತ್ತೆ ನಿಮ್ ಮಗಳು ನಮ್ ಮನ್ಯಾಗೆ ಅರ್ಧ ಕೆಲಸ ಬಿಟ್ಟು ಬಂದಾಳೆ. ಬಿಚ್ಚಾಗ ಮೂವರಿದ್ರು. ಮುಚ್ಚಾಕ ಇಬ್ರು ಸಾಲಲ್ಲ."

ಕೆಲಸದ ಮಾತು ಬಂದ ಮೇಲೆ ಸಾಬರು ಮೇಜಿನ ಹತ್ತಿರ ಬಂದರು. ಕೌದಿಯ ಆ ಖಾಲಿಯ ಮೇಲೆ ಅಂಗೈ ಇಟ್ಟು, ಅಭ್ಯಾಸಬಲದಿಂದ ಅಳತೆ ತೆಗೆದರು.

"ಇದು ಮುಚ್ಚಾ ತನಕ ಬರ್ಲಿ," ಎಂದರು. "ಮುಚ್ಚಿದ ಮ್ಯಾಲೆ ಅಂಗಡಿ ಕೆಲಸ ಐತೆ."

ಅಂದರೆ ನೂರಿ ಮತ್ತೆ ಹೋಗುವುದಕ್ಕೆ ಉಳಿದದ್ದು ಒಂದು ಚೂರು ಬಟ್ಟೆಯ ದೂರ. ಅದು ನನಗೆ ಗೊತ್ತಿದ್ದರೂ ನಾನು ಮಹಾ ಶ್ರದ್ಧೆಯಿಂದ ಆ ಚೂರನ್ನು ಹುಡುಕತೊಡಗಿದೆ. ಮಾಡಿದ ತಪ್ಪನ್ನು ಬೇಗ ಸರಿಪಡಿಸಿ ಒಳ್ಳೆಯವಳಾಗಿಬಿಡುವ ಆತುರ ನನ್ನದು. ಸರಿಪಡಿಸಿದ ಮರುಗಳಿಗೆಗೆ ನೂರಿ ಎದ್ದು ಹೋಗಬೇಕೆಂಬುದನ್ನು ಆ ಆತುರ ನನ್ನಿಂದ ಮರೆಸಿತ್ತು. ನನ್ನ ಚಿಕ್ಕದಾದ ರೇಷ್ಮೆ ಲಂಗದ ಅಂಚು ತಂದೆ. ಅಜ್ಜಿ ಕನ್ನಡಕ ಏರಿಸಿ, ಇಟ್ಟು ನೋಡಿ, ಬಣ್ಣ ಒಗ್ಗುವುದಿಲ್ಲ ಎಂದಳು. ಕೊಟ್ರಿ ತನ್ನ ಚಿಕ್ಕಮ್ಮನ ಸೀರೆಯ ಸೆರಗಿನ ತುಂಡು ತಂದಳು. ಒಗ್ಗುವುದಿಲ್ಲ. ಅವ್ವ ಬೇಸತ್ತು ತನ್ನ ಕುಬಸದ ಗಿಣಿಹಸಿರು ಕಣವನ್ನೇ ಕೊಟ್ಟಳು. ಅಜ್ಜಿ ಅದನ್ನು ಮೂಸಿ ಕೂಡ ನೋಡಿದಳು. ಒಗ್ಗುವುದಿಲ್ಲ. ಒಂದು ದಸರಾ ಹೋಯಿತು, ಒಂದು ಉಗಾದಿ ಬಂತು. ಆ ಖಾಲಿಯ ಸುತ್ತ ನಾವು ಸಾಲಿನ ಮೇಲೆ ಸಾಲು ಹೊಲಿಯುತ್ತಿದ್ದೆವು. ನೂರಿ ಬಾರದ ವಾರಗಳಲ್ಲಿ ಉಳಿದಿದ್ದ ಮಂಡಕ್ಕಿ ಈಗ ಉಳಿಯುತ್ತಿರಲಿಲ್ಲ. ಅಜ್ಜಿಗೆ ವಯಸ್ಸಾಗಿ ಹಟ ಹೆಚ್ಚಾಗಿದೆಯೆಂದು ನಾನು ನಿರ್ಧರಿಸಿದೆ.

ಕೊನೆಗೊಂದು ಭಾನುವಾರ ದಾದಾಪೀರ್ ಸಾಬರೇ ಬಂದರು, ಕೈಯಲ್ಲಿ ಕಾಗದದ ಪೊಟ್ಟಣ. ಒಳಗಿದ್ದದ್ದು ಈರುಳ್ಳಿ ಸಿಪ್ಪೆಯ ರೇಷ್ಮೆ. ಮದುವೆಯ ಕುಬಸದಲ್ಲಿ ಉಳಿದ ನಾಲ್ಕು ಸಣ್ಣ ಚೂರುಗಳನ್ನು ಒಂದಕ್ಕೊಂದು ಜೋಡಿಸಿ, ಜೋಡಿಸಿದ ಗುರುತು ಕಾಣದಂತೆ ಮಿಷನ್ ಓಡಿಸಿ, ತಪ್ಪದೆ ಅದೇ ತೋಳಿನ ಅಳತೆಗೆ ಕತ್ತರಿಸಿ ತಂದಿದ್ದರು. ಖಾಲಿಯ ಮೇಲಿಟ್ಟರು. ಬಂಡಿಯ ಗಾಲಿ ತನ್ನ ಜಾಡಿಗೆ ಇಳಿದಂತೆ ಅದು ಕೂತುಬಿಟ್ಟಿತು. ಕೊಟ್ರಿ ಅದರ ಅಂಚು ಸವರಿ ನೋಡಿದಳು. ನಾನು ಸೂಜಿಗೆ ದಾರ ಪೋಣಿಸಿಯೂ ಆಗಿತ್ತು. ನೂರಿ ಮಾತ್ರ ಅದರ ಕಡೆ ನೋಡದೆ, ಬಿಸಿಲು ಗೋಡೆಯಿಂದ ಎಷ್ಟು ದೂರವಿದೆಯೆಂದು ನೋಡುತ್ತಿದ್ದಳು. ಅಜ್ಜಿ ಬಗ್ಗಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು.

"ಬಣ್ಣ ಒಗ್ಗಲ್ಲ, ಸಾಬ್ರೆ," ಎಂದಳು.

"ಅಮ್ಮಾರೆ," ಸಾಬರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ಅದೇ ಬಟ್ಟೆ ಇದು. ಅದೇ ಥಾನಿಂದು."

"ಇರ್ಬೋದು. ಒಗ್ಗಲ್ಲ."

ಸಾಬರು ಅಜ್ಜಿಯ ಮುಖ ನೋಡಿದರು. ಅಜ್ಜಿ ಬಹಳ ನೆಮ್ಮದಿಯಿಂದ ಅಡಿಕೆ ಅಗಿಯುತ್ತಿದ್ದಳು. ಸಾಬರು ನೂರಿಯ ಕಡೆ ತಿರುಗಿದರು. ಅವಳು ಕೊಟ್ರಿಯ ಮಗ್ಗುಲಿಗೆ ಸರಿದು, ಸಿಕ್ಕಾದ ದಾರವನ್ನು ಬಿಡಿಸಿಕೊಡುತ್ತಿದ್ದಳು. ಆಮೇಲೆ ಸಾಬರು ಆ ತೋಳನ್ನು ಎತ್ತಿ, ಬೆಳಕಿಂಡಿಯ ಕಡೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು. ನಲವತ್ತು ವರ್ಷ ಬಟ್ಟೆಯ ಜೊತೆ ಬದುಕಿದ ಮನುಷ್ಯ.

"ಹೌದು ನೋಡ್ರಿ, ಅಮ್ಮಾರೆ," ಎಂದರು. "ಒಂಚೂರು ಫರಕ್ ಐತೆ."

ಮಡಚಿ ಪೊಟ್ಟಣದಲ್ಲಿಟ್ಟುಕೊಂಡು ಹೊರಟುಹೋದರು. ಹೋಗುವಾಗ 'ಬೇಗ ಬಾ' ಎಂದು ಮಗಳಿಗೆ ಹೇಳಲಿಲ್ಲ. ದಾವಣಗೆರೆಯಲ್ಲಿ ಇಬ್ಬರು ಹಿರಿಯರಿಗೆ ಒಂದೇ ದಿನ ಕಣ್ಣು ಕೆಟ್ಟಿತೆಂದು ನಾನು ಮರುಗಿದೆ. ಅಡುಗೆಮನೆಯಲ್ಲಿ ಅವ್ವ ಏಕೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳೆಂದು ನನಗೆ ಹೊಳೆಯಲಿಲ್ಲ.

ಹೊಳೆದದ್ದು ಎಂಟು ವರ್ಷ ತಡವಾಗಿ. ನೂರಿಯನ್ನು ಹರಿಹರಕ್ಕೆ ಕೊಟ್ಟರು. ಅಜ್ಜಿ ಆಗಲೇ ತನ್ನ ಕಂಬವನ್ನು ನಮಗೆ ಬಿಟ್ಟು ಹೋಗಿದ್ದಳು. ಕೌದಿಯ ಖಾಲಿ ಖಾಲಿಯಾಗಿಯೇ ಇತ್ತು. ಮದುವೆಯ ಹಿಂದಿನ ದಿನ, ಇನ್ನು ಕೂಡುವುದು ಯಾವಾಗಲೋ, ಮುಚ್ಚಿಬಿಡೋಣ ಎಂದು ನಾನೇ ಒಂದು ಒಳ್ಳೆಯ ಚೂರು ಒಯ್ದಿದ್ದೆ. ಅಳುಮುಖದ ನೂರಿ ಒಂದು ಮಗ್ಗುಲಿಗೆ ಕೂತಳು. ಕೊಟ್ರಿ ಚೂರನ್ನು ಕೈಗೆ ತೆಗೆದುಕೊಂಡಳು, ಇಟ್ಟು ನೋಡಿದಳು, ಅಜ್ಜಿಯ ಹಾಗೇ ಒಂದು ಕಡೆಯ ಕೆನ್ನೆ ಉಬ್ಬಿಸಿದಳು.

"ಬಣ್ಣ ಒಗ್ಗಲ್ಲ ಬಿಡು," ಎಂದಳು. "ಹರಿಹರ ಏನು ಕಾಶಿನಾ? ಹದಿನಾಕು ಕಿಲೋಮೀಟ್ರು. ಮುಂದಿನ ತಿಂಗಳು ಬ್ಯಾರೆ ಚೂರು ತರೋಣ."

ನಾನು ಆ ಬಟ್ಟೆಯನ್ನು ನೋಡುತ್ತ ಕೂತೆ. ಅದೇ ಬಟ್ಟೆ, ಅದೇ ಥಾನು, ಒಂಚೂರು ಫರಕ್ ಎಂದಿದ್ದ ಸಾಬರ ಮಾತು ನೆನಪಾಯಿತು. ಎಂಟು ವರ್ಷದ ಹಿಂದಿನ ಒಂದು ಭಾನುವಾರ ನಿಧಾನವಾಗಿ ನನ್ನೊಳಗೆ ಕಣ್ಣು ಬಿಟ್ಟಿತು. ನಾನು ವಕೀಲಳಾಗದೆ ಗುಮಾಸ್ತೆಯಾದದ್ದಕ್ಕೆ ಈ ನಿಧಾನವೇ ಕಾರಣವಿರಬೇಕು.

ಅಂದಿನಿಂದ ಇಂದಿನವರೆಗೆ ಬಹುಮಟ್ಟಿಗೆ ತಿಂಗಳಿಗೊಮ್ಮೆ ನಾವು ಕೂಡಿದ್ದೇವೆ. ಹೆರಿಗೆ, ವರ್ಗಾವಣೆ, ಸೂತಕ, ಸೊಸೆಯಂದಿರು, ಇವುಗಳಿಂದ ತಪ್ಪಿದ ತಿಂಗಳುಗಳಿವೆ, ಬಿಟ್ಟುಹೋದ ವರ್ಷವಿಲ್ಲ. ಈಗ ನೂರಿಯ ಮನೆಯಲ್ಲೇ ಕೂಡುವುದು, ಹರಿಹರದ ಹೊಳೆಯ ಕಡೆಗಿನ ಓಣಿ, ಪಡಸಾಲೆಯಿಲ್ಲದಿದ್ದರೂ ದೊಡ್ಡ ಕಿಟಕಿಯಿದೆ. ನಾನು ಆಟೋದಲ್ಲಿ ಶಾಮನೂರಿಗೆ ಹೋಗಿ, ಹೊಸ ಲೇಔಟುಗಳ ನಡುವೆ ದಾರಿ ತಪ್ಪಿ, ಕೊನೆಗೆ ಕೊಟ್ರಿಯನ್ನು ಹತ್ತಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬರುತ್ತೇನೆ. ಮೊದಲು ಅವಳೇ ಬರುತ್ತಿದ್ದಳು. ಸಕ್ಕರೆ ಕಾಯಿಲೆ ಅವಳ ಕಣ್ಣನ್ನು ತಿಂದು ಮೂರು ವರ್ಷವಾಯಿತು. ಕಿಟಕಿ ಎಲ್ಲಿದೆ, ಬಾಗಿಲು ಎಲ್ಲಿದೆ ಎಂಬಷ್ಟು ಬೆಳಕು ಮಾತ್ರ ತಿಳಿಯುತ್ತದೆ. ಸೂಜಿಗೆ ದಾರ ಪೋಣಿಸಿ ಕೊಡುವುದೊಂದು ನಮ್ಮ ಕೆಲಸ. ಉಳಿದಂತೆ ಅವಳ ಬೆರಳು ನೋಡಿಕೊಂಡು ಹೋಗುತ್ತದೆ, ಅವಳ ಸಾಲು ಇವತ್ತಿಗೂ ಉತ್ತ ಹೊಲದ ಹಾಗೆಯೇ ಏಳುತ್ತದೆ. ನನ್ನ ಎತ್ತೂ ತನ್ನ ದಾರಿ ಬದಲಿಸಿಲ್ಲ. ಕೌದಿಯ ಬಿಳಿ ಖಾಕಿ ನೀಲಿಗಳು ಪಿಸಿದು, ಅವುಗಳ ಮೇಲೆ ಬೇರೆ ಚೂರು, ಅದರ ಮೇಲೆ ಇನ್ನೊಂದು, ಹೀಗೆ ಅದು ಈಗ ಹಾಸಿಗೆಯಷ್ಟು ದಪ್ಪವಾಗಿದೆ. ನಡುವಿನ ಗುಡ್ಡ ಮಾತ್ರ ಹಳ್ಳವಾಗಿದೆ.

ಹೋದ ತಿಂಗಳು ನಾವು ಹೋದಾಗ ನೂರಿ ಮಂಡಕ್ಕಿಗೆ ಒಗ್ಗರಣೆ ಹಾಕಿರಲಿಲ್ಲ. ಮೊರದಲ್ಲಿ ಒಂದು ಕಾಗದದ ಪೊಟ್ಟಣವಿಟ್ಟುಕೊಂಡು ಕೂತಿದ್ದಳು. ದಾವಣಗೆರೆಯ ಅಂಗಡಿಯನ್ನು ಅವಳ ತಮ್ಮ ಖಾಲಿ ಮಾಡಿದನಂತೆ. ಅಬ್ಬಾಜಾನರ ತಗಡಿನ ಪೆಟ್ಟಿಗೆಯ ತಳದಲ್ಲಿ ಇದಿತ್ತಂತೆ. ಬಿಚ್ಚಿದಳು. ಈರುಳ್ಳಿ ಸಿಪ್ಪೆಯ ಬಣ್ಣ, ನಾಲ್ಕು ಚೂರಿನ ಜೋಡಣೆ. ಒಂದು ಮಡಿಕೆಯಲ್ಲೂ ಬಣ್ಣ ಹಾರಿರಲಿಲ್ಲ. ಸಾಬರು ಅದನ್ನು ಕತ್ತರಿಸಿ ಬೇರೆ ಯಾವುದಕ್ಕೂ ಬಳಸಿರಲಿಲ್ಲ, ಮೂಲೆಗೆ ಬಿಸಾಕಿಯೂ ಇರಲಿಲ್ಲ.

"ನನ್ ಕೈ ನಡುಗ್ತಾವೆ ಪಾರಿ," ಎಂದಳು ನೂರಿ. "ಕೊಟ್ರಿಗೆ ಕಣ್ಣಿಲ್ಲ. ನೀನು ಮೆಟ್ಲು ಹತ್ತಾಗ ನಾಕು ಕಡೆ ನಿಲ್ತೀಯ. ನಾವು ಹೋದ ಮ್ಯಾಲೆ ಹುಡುಗ್ರು ಇದನ್ನ ಹರಕು ಅಂತ ಎಸೀತಾರೆ. ಅಬ್ಬಾ ಮಾಡಿದ್ದೇ ಐತಲ್ಲ. ಮುಚ್ಚಿಬಿಡಾಣ."

ನಾನು ಆ ತೋಳನ್ನು ಹಳ್ಳದ ಮೇಲಿಟ್ಟೆ. ಅಂದಿನಂತೆಯೇ ಕೂತುಬಿಟ್ಟಿತು, ಒಂದು ಎಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಜೀವಮಾನವಿಡೀ ಕಡತ ಮುಕ್ತಾಯಗೊಳಿಸಿ ದಾರ ಕಟ್ಟಿದವಳು ನಾನು. ಇದೂ ಹಾಗೆಯೇ ಎಂದುಕೊಂಡೆ. ಕೈ ಮುಂದೆ ಹೋಗಲಿಲ್ಲ. ನೂರಿ ನನ್ನ ಮುಖ ನೋಡಿದಳು. ನಾನು ಏನಾದರೂ ಹೇಳಲೆಂದು ಅವಳು ಕಾಯುತ್ತಿದ್ದಳು. ಅವಳ ಅಪ್ಪನ ಕೈಕೆಲಸ ಅದು, ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಬೇಡವೆನ್ನುವ ಹಕ್ಕು ತನಗಿಲ್ಲವೆಂದು ಅವಳಿಗೂ ಅನ್ನಿಸಿರಬೇಕು.

"ಏನೇ, ಇಬ್ರೂ ಸುಮ್ಮನಾದ್ರಿ," ಎಂದಳು ಕೊಟ್ರಿ. "ಕೊಡ್ರಿ ಇಲ್ಲಿ."

ಕೌದಿಯ ಮೇಲೆ ತಡವರಿಸಿ ಆ ಬಟ್ಟೆಯನ್ನು ಎತ್ತಿಕೊಂಡಳು. ಜೋಡಣೆಯ ಮೇಲೆ ಹೆಬ್ಬೆರಳು ಎಳೆದಳು. ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಕಿಟಕಿಯ ಬೆಳಕು ಯಾವ ಕಡೆಯಿದೆಯೆಂದು ಮುಖ ತಿರುಗಿಸಿ ಹುಡುಕಿ, ಎರಡೂ ಕೈಯಲ್ಲಿ ತೋಳನ್ನು ಎತ್ತಿ ಹಿಡಿದು, ಕಾಣದ ಕಣ್ಣುಗಳನ್ನು ಕಿರಿದು ಮಾಡಿ, ಹಿಂದೆ ಮುಂದೆ ತಿರುಗಿಸಿ ಪರೀಕ್ಷಿಸಿದಳು.

"ಬಣ್ಣ ಒಗ್ಗಲ್ಲ ಬಿಡ್ರೇ," ಎಂದಳು.

ನೂರಿ ಅವಳ ಕೈಯಿಂದ ತೋಳನ್ನು ತೆಗೆದುಕೊಂಡು ತಾನೂ ಬೆಳಕಿಗೆ ಹಿಡಿದಳು. ಅವಳ ಕೈ ನಡುಗಿ, ರೇಷ್ಮೆ ಒಮ್ಮೆ ಗುಲಾಬಿಯಾಗಿ ಒಮ್ಮೆ ತಾಮ್ರವಾಯಿತು.

"ಹೌದು ನೋಡು," ಎಂದಳು. "ಒಂಚೂರು ಫರಕ್ ಐತೆ."

ಪೊಟ್ಟಣ ಕಟ್ಟಿ ಒಳಗಿಟ್ಟು, ಒಗ್ಗರಣೆಗೆ ಎಣ್ಣೆ ಕಾಯಿಸಲು ಎದ್ದು ಹೋದಳು. ನಾನು ಒಂದು ಮೊಳ ದಾರ ಹರಿದು, ನಾಲ್ಕನೇ ಯತ್ನಕ್ಕೆ ಸೂಜಿಗೆ ಪೋಣಿಸಿ, ಕೊಟ್ರಿಯ ಕೈಗೆ ಕೊಡದೆ ಬಟ್ಟೆಯ ಮೇಲಿಟ್ಟೆ. ಅವಳು ತಡವಿ ಎತ್ತಿಕೊಂಡಳು.